ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ನಕಲಿ ಮೆಮೊರಿ ಕಾರ್ಡ್ ಪತ್ತೆ ಮಾಡುವ ಪಾಠ



"ನೀವು ಸಾಫ್ಟ್‌ವೇರ್‌ನವರು, ಮನೆಮಂದಿಗೆಲ್ಲ ಉಪಯೋಗವಾಗುವಂಥದ್ದು ಏನಾದರೂ ಬರೆದುಕೊಡಿ" ಎಂದು ನಮ್ಮ ಸಂಪಾದಕರು ಕೇಳಿ ಮೂರು ತಿಂಗಳಾಯಿತು. ಏನು ಬರೆಯುವುದು ಎಂದು ತೋಚದೆ ಮುಂದೂಡುತ್ತಲೇ ಇದ್ದೆ. ಕೊನೆಗೆ, ನಾನೇ ಎಡವಿ ಬಿದ್ದ ವಿಷಯವನ್ನು ಬರೆಯೋಣ ಅನ್ನಿಸಿತು. ಇಂಜಿನಿಯರಿಂಗ್ ಓದಿ, ಹದಿಮೂರು ವರ್ಷದಿಂದ ಕಂಪ್ಯೂಟರ್ ಕುಟ್ಟುತ್ತಿರುವವನೇ ಮೋಸ ಹೋದನಲ್ಲ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಆದರೆ ಓದಿ ಮುಗಿಸಿದ ಮೇಲೆ ನಿಮ್ಮ ಕ್ಯಾಮೆರಾದಲ್ಲಿರುವ ಕಾರ್ಡನ್ನು ಮಾತ್ರ ಒಮ್ಮೆ ಪರೀಕ್ಷೆ ಮಾಡಿ.

ನಡೆದದ್ದು ಇಷ್ಟು.

ಕಳೆದ ಡಿಸೆಂಬರಿನಲ್ಲಿ ಸಾಗರದಲ್ಲಿ ನಮ್ಮ ಅಪ್ಪನ ಷಷ್ಟ್ಯಬ್ದಿ ಇತ್ತು. ಅಮೆರಿಕಾದಿಂದ ಹೊರಡುವ ಹತ್ತು ದಿನ ಮುಂಚೆ ಕ್ಯಾಮೆರಾಗೆಂದು 256 ಜಿಬಿಯ ಒಂದು ಮೆಮೊರಿ ಕಾರ್ಡನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮೇಲೆ ಹೆಸರಾಂತ ಕಂಪನಿಯೊಂದರ ಹೆಸರಿತ್ತು. ಬೇರೆ ಕಡೆಗಿಂತ ಹದಿನಾರು ಡಾಲರ್ ಕಡಿಮೆ. "ರೀ, ಅಷ್ಟು ಕಡಿಮೆಗೆ ಹೇಗೆ ಕೊಡ್ತಾರೆ?" ಎಂದು ನನ್ನ ಹೆಂಡತಿ ಕೇಳಿದಳು. "ಏನೋ ಸೇಲ್ ಇರಬೇಕು ಬಿಡು" ಎಂದೆ. ಕಾರ್ಡ್ ಬಂತು. ಕಂಪ್ಯೂಟರಿಗೆ ಹಾಕಿದರೆ ಸರಿಯಾದ ಗಾತ್ರವನ್ನೇ ತೋರಿಸಿತು. ನಾಲ್ಕು ಫೋಟೋ ತೆಗೆದು ನೋಡಿದೆ, ಚೆನ್ನಾಗಿ ಬಂದವು. ಸೂಟ್‌ಕೇಸಿಗೆ ಹಾಕಿಕೊಂಡು ಹೊರಟೆವು.

ಊರಿಗೆ ಹೋದವರು ಮೊದಲು ಬೇಲೂರು, ಹಳೇಬೀಡು, ಜೋಗ ಎಲ್ಲ ಸುತ್ತಿದೆವು. ಆಮೇಲೆ ಷಷ್ಟ್ಯಬ್ದಿ. ಎಂಬತ್ತನಾಲ್ಕು ವರ್ಷದ ನಮ್ಮ ಅಜ್ಜಿ ಹಳ್ಳಿಯಿಂದ ಕಾರಿನಲ್ಲಿ ಬಂದಿದ್ದರು. ಅರವತ್ತು ತುಂಬಿದ ಮಗ ಮತ್ತೆ ಮದುಮಗನ ಹಾಗೆ ಹಸೆಮಣೆಯ ಮೇಲೆ ಕೂತಿದ್ದನ್ನು ನೋಡಿ ಅವರಿಗೆ ಏನನ್ನಿಸಿತೋ, ಕುರ್ಚಿಯಲ್ಲಿ ಕೂತಲ್ಲಿಂದಲೇ ಹಸೆಗೆ ಕರೆಯುವ ಹಾಡು ಹೇಳತೊಡಗಿದರು. ಹತ್ತು ನಿಮಿಷ ಹಾಡಿದರು. ಅಡುಗೆಮನೆಯವರೂ ಬಂದು ಬಾಗಿಲಲ್ಲಿ ನಿಂತು ಕೇಳಿದರು. ನಾನು ಟ್ರೈಪಾಡ್ ಹಾಕಿ, ಒಂದಿಷ್ಟೂ ಅಲುಗಾಡದ ಹಾಗೆ ಪೂರ್ತಿ ರೆಕಾರ್ಡ್ ಮಾಡಿದೆ. ಅಲ್ಲೇ ಕಂಪ್ಯೂಟರಿಗೆ ಇಳಿಸೋಣವೆಂದರೆ, ಕೊಂಡೊಯ್ದಿದ್ದು ಆಫೀಸಿನ ಲ್ಯಾಪ್‌ಟಾಪ್. ಅದರಲ್ಲಿ ಹೊರಗಿನ ಕಾರ್ಡ್ ಹಾಕಲು ಅನುಮತಿ ಇಲ್ಲ. ವಾಪಸ್ ಹೋದಮೇಲೆ ನೋಡೋಣ ಎಂದು ಸುಮ್ಮನಾದೆ.

ಜನವರಿಯಲ್ಲಿ ಇಲ್ಲಿಗೆ ಬಂದು ಕಾರ್ಡನ್ನು ತೆರೆದೆ. ಎಲ್ಲ ಫೈಲುಗಳೂ ಇದ್ದವು. ಹೆಸರು, ತಾರೀಖು, ಗಾತ್ರ, ಎಲ್ಲ ಸರಿಯಾಗಿತ್ತು. ವಿಮಾನ ನಿಲ್ದಾಣದ ಸೆಲ್ಫಿ, ಹಳೇಬೀಡಿನಲ್ಲಿ ಮಕ್ಕಳು ಓಡಾಡಿದ್ದು, ಜೋಗದ ದಾರಿಯಲ್ಲಿ ತಿಂದ ಮೆಣಸಿನಕಾಯಿ ಬಜ್ಜಿ, ಎಲ್ಲವೂ ಕಣ್ಣಿಗೆ ಕಟ್ಟುವಂತೆ ಇವೆ. ಅಲ್ಲಿಂದ ಮುಂದಕ್ಕೆ ಒಂದು ಫೋಟೋ ಕೂಡ ತೆರೆಯಲಿಲ್ಲ. ಅಜ್ಜಿಯ ಹಾಡಿನ ಫೈಲ್ 7 ಜಿಬಿಗೂ ಮಿಕ್ಕಿ ಇದೆ ಎಂದು ಕಂಪ್ಯೂಟರ್ ಹೇಳುತ್ತದೆ. ಒಳಗೆ ನೋಡಿದರೆ ಬರೀ ಸೊನ್ನೆಗಳು! ಅಳಿಸಿಹೋದದ್ದನ್ನು ಮರಳಿ ತರುವ ತಂತ್ರಾಂಶಗಳನ್ನೆಲ್ಲ ಓಡಿಸಿದೆ. ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅಳಿಸಿಹೋಗಿದ್ದರೆ ತಾನೆ ಮರಳಿ ಬರುವುದು? ಅದು ಕಾರ್ಡಿನಲ್ಲಿ ಬರೆದೇ ಇರಲಿಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಹೋಗ್ಲಿ ಬಿಡೋ ಮಾರಾಯ, ಮುಂದಿನ ಸಲ ಬಂದಾಗ ಮತ್ತೆ ಹಾಡಿಸಿದ್ರಾಯ್ತು" ಎಂದರು. ಏಪ್ರಿಲ್‌ನಲ್ಲಿ ಅಜ್ಜಿ ತೀರಿಕೊಂಡರು.

ಇರಲಿ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ನನಗಾದದ್ದು ನಿಮಗಾಗದಿರಲಿ ಎಂದು ಈ ಪಾಠ.

1. ಎಂಟು ಕೋಣೆಯ ಛತ್ರ

ನಕಲಿ ಕಾರ್ಡ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ, ಅದನ್ನು ಹಿಡಿಯುವ ಉಪಾಯ ತಾನಾಗಿಯೇ ಹೊಳೆಯುತ್ತದೆ.

ಮೆಮೊರಿ ಕಾರ್ಡ್ ಎಂದರೆ ಬರೀ ನೆನಪಿನ ಪೆಟ್ಟಿಗೆಯಲ್ಲ. ಅದರೊಳಗೆ ಎರಡು ಭಾಗಗಳಿವೆ. ಒಂದು, ಮಾಹಿತಿಯನ್ನು ನಿಜವಾಗಿ ಹಿಡಿದಿಡುವ ಫ್ಲಾಶ್ ಚಿಪ್. ಇನ್ನೊಂದು ಕಂಟ್ರೋಲರ್, ಅಂದರೆ ಒಂದು ಪುಟ್ಟ ಕಂಪ್ಯೂಟರ್. ನಿಮ್ಮ ಕ್ಯಾಮೆರಾ ಫ್ಲಾಶ್ ಚಿಪ್ಪಿನ ಜೊತೆ ನೇರವಾಗಿ ಮಾತಾಡುವುದೇ ಇಲ್ಲ. ಅದು ಮಾತಾಡುವುದೆಲ್ಲ ಈ ಕಂಟ್ರೋಲರ್ ಜೊತೆ. "ನಿನ್ನಲ್ಲಿ ಎಷ್ಟು ಜಾಗ ಇದೆ?" ಎಂದು ಕ್ಯಾಮೆರಾ ಕೇಳುತ್ತದೆ. ಕಂಟ್ರೋಲರ್ ಏನು ಹೇಳುತ್ತದೋ ಅದನ್ನು ನಂಬುತ್ತದೆ.

ಇದನ್ನು ಮದುವೆ ಛತ್ರಕ್ಕೆ ಹೋಲಿಸಿ ನೋಡಿ. ಛತ್ರದಲ್ಲಿ ಇರುವುದು ಎಂಟೇ ಕೋಣೆ. ಆದರೆ ಬಾಗಿಲಲ್ಲಿ ಕೂತ ಮ್ಯಾನೇಜರ್ "ಅರವತ್ತನಾಲ್ಕು ಕೋಣೆ ಇದೆ ಸ್ವಾಮಿ" ಎನ್ನುತ್ತಾನೆ. ಬಂದವರ ಹೆಸರು, ಊರು, ಎಷ್ಟು ಜನ, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾನೆ. ಮೊದಲ ಎಂಟು ಕುಟುಂಬಕ್ಕೆ ನಿಜವಾಗಿಯೂ ಕೋಣೆ ಸಿಗುತ್ತದೆ. ಒಂಬತ್ತನೆಯವರು ಬಂದಾಗ ಅವನು ಎರಡರಲ್ಲಿ ಒಂದು ಮಾಡುತ್ತಾನೆ. ಹೆಸರು ಬರೆದುಕೊಂಡು ಅವರನ್ನು ಹಿಂಬಾಗಿಲಿನಿಂದ ಹೊರಗೆ ಕಳಿಸುತ್ತಾನೆ. ಇಲ್ಲವೇ, ಮೊದಲನೇ ಕೋಣೆಯವರನ್ನು ಎಬ್ಬಿಸಿ ಓಡಿಸಿ ಅಲ್ಲಿ ಇವರನ್ನು ಕೂರಿಸುತ್ತಾನೆ. ರಿಜಿಸ್ಟರ್ ನೋಡಿದರೆ ಮಾತ್ರ ಎಲ್ಲರೂ ಒಳಗೇ ಇದ್ದಾರೆ!

ನನ್ನ ಕಾರ್ಡಿನಲ್ಲಿ ಆದದ್ದು ಮೊದಲನೆಯದು. ಫೈಲಿನ ಹೆಸರು, ಗಾತ್ರ ಬರೆಯುವ ಪಟ್ಟಿ ಸಾಮಾನ್ಯವಾಗಿ ಕಾರ್ಡಿನ ಆರಂಭದಲ್ಲೇ ಇರುತ್ತದೆ. ಆರಂಭದ ಜಾಗ ನಿಜವಾದದ್ದು. ಆದ್ದರಿಂದ ಹೆಸರುಗಳು ಉಳಿದವು, ಒಳಗಿನ ಸರಕು ಹೋಯಿತು. ಎರಡನೆಯ ಬಗೆಯ ಕಾರ್ಡಿನಲ್ಲಿ ಹಳೆಯ ಫೋಟೋಗಳ ಮೇಲೆ ಹೊಸವು ಕೂತು, ಎಷ್ಟೋ ಸಲ ಆ ಪಟ್ಟಿಯೂ ಕೆಟ್ಟು, "ಫಾರ್ಮ್ಯಾಟ್ ಮಾಡಬೇಕೇ?" ಎಂದು ಕಂಪ್ಯೂಟರ್ ಕೇಳುವ ಸ್ಥಿತಿ ಬರುತ್ತದೆ.

"ಫೋಟೋ ತೆಗೆದ ತಕ್ಷಣ ಕ್ಯಾಮೆರಾದ ಪರದೆಯಲ್ಲಿ ಕಂಡಿತಲ್ಲ?" ಎಂದು ನೀವು ಕೇಳಬಹುದು. ತೆಗೆದ ಕೂಡಲೇ ಎರಡು ಸೆಕೆಂಡ್ ಕಾಣುವ ಚಿತ್ರ ಕ್ಯಾಮೆರಾದ ಸ್ವಂತ ಮೆಮೊರಿಯಿಂದ ಬಂದದ್ದು, ಕಾರ್ಡಿನಿಂದ ಓದಿದ್ದಲ್ಲ. ಅದನ್ನು ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಈ ಕಂಟ್ರೋಲರಿಗೆ ಸುಳ್ಳು ಹೇಳಿಕೊಡುವುದು ಕಷ್ಟವೇನಲ್ಲ. ಕಾರ್ಖಾನೆಯಲ್ಲಿ "ನಿನ್ನ ಗಾತ್ರ ಇಷ್ಟು" ಎಂದು ಅದಕ್ಕೆ ತುಂಬುವ ತಂತ್ರಾಂಶ ಇರುತ್ತದೆ. ಅದು ಮೋಸಗಾರರ ಕೈಗೆ ಸಿಕ್ಕರೆ 32 ಜಿಬಿ ಕಾರ್ಡ್ 256 ಆಗಲು ಕೆಲವು ನಿಮಿಷ ಸಾಕು. ಬನ್ನಿ ಹುವಾಂಗ್ ಎಂದೇ ಹೆಸರಾದ ಆಂಡ್ರ್ಯೂ ಹುವಾಂಗ್ ಎಂಬ ಹಾರ್ಡ್‌ವೇರ್ ಇಂಜಿನಿಯರ್, ತಾನು ತಯಾರಿಸುತ್ತಿದ್ದ ಯಂತ್ರಕ್ಕೆ ಬಂದ ಒಂದು ಕಂತಿನ ಮೈಕ್ರೋ ಎಸ್‌ಡಿ ಕಾರ್ಡುಗಳು ಕೈಕೊಟ್ಟಾಗ ಅದರ ಬೆನ್ನು ಹತ್ತಿ ಹೋಗಿ, ಚೀನಾದ ಶೆನ್‌ಜೆನ್ ಮಾರುಕಟ್ಟೆಯಿಂದ ಕಾರ್ಡುಗಳನ್ನು ತಂದು ಬಿಚ್ಚಿ ನೋಡಿ, 2010ರಲ್ಲಿ ವಿವರವಾಗಿ ಬರೆದರು. 2013ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಡೆದ ಕೇಯಾಸ್ ಕಮ್ಯುನಿಕೇಶನ್ ಕಾಂಗ್ರೆಸ್‌ನಲ್ಲಿ ಅವರು ಮತ್ತು ಅವರ ಗೆಳೆಯ ಶಾನ್ ಕ್ರಾಸ್, ಇಂಥ ಕಂಟ್ರೋಲರ್ ಒಳಗಿನ ಪ್ರೋಗ್ರಾಮನ್ನು ಹೊರಗಿನಿಂದ ಹೇಗೆ ಬದಲಿಸಬಹುದು ಎಂದು ತೋರಿಸಿದರು. ಉಗುರಿನಷ್ಟು ದೊಡ್ಡ ಕಾರ್ಡಿನಲ್ಲೂ ಒಂದು ಕಂಪ್ಯೂಟರ್ ಇದೆ, ಅದು ಹೇಳುವುದು ಸತ್ಯವೇ ಆಗಿರಬೇಕಿಲ್ಲ ಎನ್ನುವುದೇ ಇದರ ಸಾರ.

ಇನ್ನೊಂದು ಜಾತಿಯ ನಕಲಿಯೂ ಇದೆ. ಗಾತ್ರ ಸರಿಯಿರುತ್ತದೆ, ಆದರೆ ಕಳಪೆ ಚಿಪ್ಪಿನ ಮೇಲೆ ಒಳ್ಳೆಯ ಕಂಪನಿಯ ಲೇಬಲ್ ಅಂಟಿಸಿರುತ್ತಾರೆ. ಅದು ನಿಧಾನವಾಗಿ ಬರೆಯುತ್ತದೆ, ಬೇಗ ಸಾಯುತ್ತದೆ.

2. ಕೊಳ್ಳುವ ಮುಂಚೆ

ಬೆಲೆ ನೋಡಿ: ಅದೇ ಕಾರ್ಡನ್ನು ಮೂರು ನಾಲ್ಕು ಕಡೆ ಹೋಲಿಸಿ. ಎಲ್ಲೆಡೆ ಒಂದು ಬೆಲೆ ಇದ್ದು, ಒಬ್ಬ ಮಾತ್ರ ಅರ್ಧಕ್ಕೆ ಕೊಡುತ್ತಿದ್ದರೆ ಅನುಮಾನ ಪಡಿ. ಆದರೆ ಬೆಲೆ ಜಾಸ್ತಿ ಇದ್ದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಮೋಸಗಾರರೂ ಈಗ ಹುಷಾರಾಗಿದ್ದಾರೆ. ಅನುಮಾನ ಬಾರದಷ್ಟೇ ಕಡಿಮೆ ಮಾಡುತ್ತಾರೆ. ನನ್ನ ವಿಷಯದಲ್ಲಿ ಆದದ್ದೂ ಅದೇ.

ಮಾರುವವನು ಯಾರು ನೋಡಿ: ದೊಡ್ಡ ಜಾಲತಾಣ ಎಂದರೆ ಸಂತೆ ಮೈದಾನ ಇದ್ದ ಹಾಗೆ. ಮೈದಾನ ಒಬ್ಬರದು, ಒಳಗೆ ಅಂಗಡಿ ಹಾಕಿದವರು ನೂರಾರು ಜನ. ಪುಟದಲ್ಲಿ "ಮಾರುವವರು" ಮತ್ತು "ಕಳಿಸುವವರು" ಎಂದು ಎರಡು ಸಾಲು ಬೇರೆ ಬೇರೆ ಇರುತ್ತವೆ. ಕಳಿಸುವವರು ದೊಡ್ಡ ಜಾಲತಾಣದವರೇ ಆಗಿದ್ದರೂ ಮಾರುವವರು ಯಾರೋ ಆಗಿರಬಹುದು. ನಾನು ಈ ಸಾಲನ್ನು ಓದಿಯೇ ಇರಲಿಲ್ಲ. ಸಾಧ್ಯವಾದರೆ ಕಾರ್ಡ್ ತಯಾರಿಸುವ ಕಂಪನಿಯ ಸ್ವಂತ ಮಳಿಗೆಯಿಂದಲೋ, ಆ ಕಂಪನಿಯ ಅಧಿಕೃತ ಮಾರಾಟಗಾರರಿಂದಲೋ ಕೊಳ್ಳಿ.

ವಿಮರ್ಶೆಗಳನ್ನು ಬುದ್ಧಿ ಇಟ್ಟು ಓದಿ: "ಇವತ್ತು ಬಂತು, ಚೆನ್ನಾಗಿದೆ, ಐದು ನಕ್ಷತ್ರ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ನಕಲಿ ಕಾರ್ಡ್ ಕೂಡ ಮೊದಲ ದಿನ ಚೆನ್ನಾಗಿಯೇ ಇರುತ್ತದೆ. ಒಂದು ನಕ್ಷತ್ರ ಕೊಟ್ಟವರನ್ನು ಓದಿ. "ಎರಡು ತಿಂಗಳಾದ ಮೇಲೆ ಫೋಟೋ ತೆರೆಯುತ್ತಿಲ್ಲ", "ತುಂಬುವ ಮುಂಚೆಯೇ ಕೆಟ್ಟಿತು" ಎಂಬ ಮಾತು ಮತ್ತೆ ಮತ್ತೆ ಬಂದರೆ ಆ ಪುಟ ಮುಚ್ಚಿ.

ಅಸಾಧ್ಯವಾದದ್ದನ್ನು ಗುರುತಿಸಿ: ಇದಕ್ಕೆ ಸ್ವಲ್ಪ ಲೆಕ್ಕ ಗೊತ್ತಿರಬೇಕು. ಎಸ್‌ಡಿ ಕಾರ್ಡಿನ ನಿಯಮಗಳ ಪ್ರಕಾರ ಬರೀ ಎಸ್‌ಡಿ ಎಂದರೆ 2 ಜಿಬಿವರೆಗೆ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಅದಕ್ಕಿಂತ ಮೇಲೆ 32 ಜಿಬಿವರೆಗೆ. 2009ರಲ್ಲಿ ಬಂದ ಎಸ್‌ಡಿಎಕ್ಸ್‌ಸಿ 32 ಜಿಬಿಗಿಂತ ಮೇಲೆ 2 ಟಿಬಿವರೆಗೆ. 2018ರಲ್ಲಿ ಪ್ರಕಟವಾದ ಎಸ್‌ಡಿಯುಸಿ 128 ಟಿಬಿವರೆಗೆ. ಆದ್ದರಿಂದ "64 ಜಿಬಿ ಎಸ್‌ಡಿಎಚ್‌ಸಿ" ಎಂದು ಅಚ್ಚಾದ ಕಾರ್ಡ್ ಕಂಡರೆ ಅದು ನಿಯಮಕ್ಕೇ ವಿರುದ್ಧ. "8 ಟಿಬಿ ಎಸ್‌ಡಿಎಕ್ಸ್‌ಸಿ" ಎಂಬುದೂ ಅಷ್ಟೇ. ಒಂದು ಹೊತ್ತಿನ ಊಟದ ದುಡ್ಡಿಗೆ 16 ಟಿಬಿ ಕೊಡುತ್ತೇವೆ ಎನ್ನುವವರ ಬಗ್ಗೆ ಹೇಳುವುದೇ ಬೇಡ. ಅಂಥ "16 ಟಿಬಿ" ಹೊರ ಡ್ರೈವುಗಳನ್ನು ಬಿಚ್ಚಿದವರಿಗೆ, ದೊಡ್ಡ ಪೆಟ್ಟಿಗೆಯೊಳಗೆ ಅಂಟಿಸಿದ ಪುಟ್ಟ ಮೈಕ್ರೋ ಎಸ್‌ಡಿ ಕಾರ್ಡ್ ಸಿಕ್ಕಿದ್ದುಂಟು.

3. ಕೈಗೆ ಬಂದ ಮೇಲೆ

ಮೊದಲು ಪ್ಯಾಕೆಟ್ ನೋಡಿ. ಅಕ್ಷರ ತಪ್ಪು, ಮಸುಕಾದ ಅಚ್ಚು, ಹಿಂಬದಿಯಲ್ಲಿ ಏನೂ ಬರೆಯದ ಕಾರ್ಡ್, ಪ್ಯಾಕೆಟ್ ಮೇಲಿನ ಗಾತ್ರಕ್ಕೂ ಕಾರ್ಡಿನ ಮೇಲಿನದಕ್ಕೂ ವ್ಯತ್ಯಾಸ, ಇವೆಲ್ಲ ಅಪಾಯದ ಗುರುತುಗಳು. ಆದರೆ ಒಂದು ಮಾತು ನೆನಪಿಡಿ. ಲೇಬಲ್ ಕೆಟ್ಟದಾಗಿದ್ದರೆ ನಕಲಿ ಎಂದು ಅನುಮಾನಿಸಬಹುದೇ ಹೊರತು, ಲೇಬಲ್ ಚೆನ್ನಾಗಿದ್ದರೆ ಅಸಲಿ ಎಂದು ಹೇಳಲಾಗದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಒಳ್ಳೆಯ ಅಚ್ಚು ಹಾಕಿಸುವುದು ಅವರಿಗೆ ದೊಡ್ಡ ಖರ್ಚೇನಲ್ಲ.

ಇನ್ನು ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್‌ನಲ್ಲಿ 256 ಜಿಬಿ ಕಾರ್ಡ್ 238 ಎಂದು ತೋರಿಸುತ್ತದೆ. "ಅಯ್ಯೋ, 18 ಜಿಬಿ ನುಂಗಿದರು!" ಎಂದು ಗಾಬರಿಯಾಗಬೇಡಿ. ಅದು ಮೋಸವಲ್ಲ. ಕಾರ್ಡ್ ತಯಾರಕರು 100 ಕೋಟಿ ಬೈಟ್‌ಗೆ ಒಂದು ಜಿಬಿ ಎಂದು ಎಣಿಸುತ್ತಾರೆ. ವಿಂಡೋಸ್ 107,37,41,824 ಬೈಟ್‌ಗೆ ಒಂದು ಎಂದು ಎಣಿಸುತ್ತದೆ. ಸೇರಿನ ಅಳತೆ ಊರಿಂದೂರಿಗೆ ಬೇರೆ ಇದ್ದ ಹಾಗೆ. ಈ ಲೆಕ್ಕದಲ್ಲಿ 32 ಜಿಬಿ ಎಂದರೆ ಸುಮಾರು 29.8, 64 ಎಂದರೆ 59.6, 128 ಎಂದರೆ 119.2, 256 ಎಂದರೆ 238.4. ಕಾರ್ಡಿನಿಂದ ಕಾರ್ಡಿಗೆ ಇದರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ.

ಆದರೆ ಈ ಸಂಖ್ಯೆ ಸರಿಯಿದ್ದರೆ ಕಾರ್ಡ್ ಸರಿಯಿದೆ ಎಂದಲ್ಲ! ಇದೂ ಮ್ಯಾನೇಜರ್ ಹೇಳಿದ ಲೆಕ್ಕವೇ. ಕಳ್ಳ ಮ್ಯಾನೇಜರನ್ನೇ ಕರೆದು "ಎಷ್ಟು ಕೋಣೆ ಇದೆಯಪ್ಪ?" ಎಂದು ಕೇಳಿದರೆ ಏನು ಬಂತು? ನಾನು ಮೋಸ ಹೋದದ್ದು ಇಲ್ಲೇ. ಫಾರ್ಮ್ಯಾಟ್ ಮಾಡಿ ನೋಡುವುದೂ ಸಾಲದು. ಕಂಪ್ಯೂಟರಿನ ಮಾಮೂಲಿ ಕ್ವಿಕ್ ಫಾರ್ಮ್ಯಾಟ್ ಆರಂಭದ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ, ಕೋಣೆಗಳನ್ನು ಎಣಿಸುವುದಿಲ್ಲ.

4. ನಿಜವಾದ ಪರೀಕ್ಷೆ: ತುಂಬಿಸಿ, ಓದಿ

ಹಾಗಾದರೆ ಉಪಾಯವೇನು? ಎಲ್ಲ ಅರವತ್ತನಾಲ್ಕು ಕೋಣೆಗೂ ಒಬ್ಬೊಬ್ಬರನ್ನು ಕಳಿಸಿ, ಪ್ರತಿಯೊಬ್ಬರ ಕೈಯಲ್ಲೂ ಅವರವರ ಕೋಣೆಯ ಸಂಖ್ಯೆ ಬರೆದ ಚೀಟಿ ಕೊಟ್ಟು, ಆಮೇಲೆ ನಾವೇ ಹೋಗಿ ಒಂದೊಂದು ಬಾಗಿಲೂ ತಟ್ಟಿ ಚೀಟಿ ನೋಡುವುದು. ಬೇರೆ ದಾರಿಯಿಲ್ಲ. ಕಾರ್ಡನ್ನು ಪೂರ್ತಿ ತುಂಬಿಸಬೇಕು, ಪೂರ್ತಿ ಓದಿ ಹೋಲಿಸಬೇಕು.

ಚೀಟಿಯಲ್ಲಿ ಬೇರೆ ಬೇರೆ ಸಂಖ್ಯೆ ಯಾಕೆ ಬೇಕು? ಒಂದೇ ವಿಡಿಯೋವನ್ನು ನೂರು ಸಲ ಕಾಪಿ ಮಾಡಿ ತುಂಬಿಸಿದಿರಿ ಎನ್ನಿ. ಹಳೆಯದರ ಮೇಲೆ ಹೊಸದನ್ನು ಬರೆಯುವ ನಕಲಿ ಕಾರ್ಡ್, ಇರುವ ಒಂದೇ ಪ್ರತಿಯನ್ನು ತೋರಿಸಿಯೇ ಪಾಸಾಗಿಬಿಡಬಹುದು. ಆದ್ದರಿಂದ ಪ್ರತಿ ಜಾಗಕ್ಕೂ ಬೇರೆಯೇ ಮಾಹಿತಿ ಹೋಗಬೇಕು. ಈ ಕೆಲಸಕ್ಕೆಂದೇ ಉಚಿತ ತಂತ್ರಾಂಶಗಳಿವೆ.

ವಿಂಡೋಸ್ ಇದ್ದವರಿಗೆ ಎಚ್2ಟೆಸ್ಟ್‌ಡಬ್ಲ್ಯೂ. ಇದು ಜರ್ಮನಿಯ ಸಿ-ಟಿ ಎಂಬ ಕಂಪ್ಯೂಟರ್ ಪತ್ರಿಕೆಯವರು ಕೊಟ್ಟದ್ದು. ಹಳೆಯದಾದರೂ ಗಟ್ಟಿ. ಬಳಸುವ ಕ್ರಮ ಹೀಗೆ:

ಒಂದು, ಕಾರ್ಡಿನಲ್ಲಿ ಏನಾದರೂ ಇದ್ದರೆ ಮೊದಲು ಬೇರೆಡೆಗೆ ಕಾಪಿ ಮಾಡಿ, ಕಾರ್ಡನ್ನು ಖಾಲಿ ಮಾಡಿ.
ಎರಡು, ತಂತ್ರಾಂಶ ತೆರೆದು ಭಾಷೆಯನ್ನು ಇಂಗ್ಲಿಷ್‌ಗೆ ಬದಲಿಸಿ. ಮೊದಲು ಜರ್ಮನ್ ಕಂಡರೆ ಹೆದರಬೇಡಿ.
ಮೂರು, ಸೆಲೆಕ್ಟ್ ಟಾರ್ಗೆಟ್ ಒತ್ತಿ ಕಾರ್ಡನ್ನೇ ಆರಿಸಿ. ಅವಸರದಲ್ಲಿ ಕಂಪ್ಯೂಟರಿನ ಡಿಸ್ಕ್ ಆರಿಸಬೇಡಿ.
ನಾಲ್ಕು, ಆಲ್ ಅವೈಲಬಲ್ ಸ್ಪೇಸ್ ಎಂಬುದನ್ನು ಗುರುತು ಮಾಡಿ, ರೈಟ್ ಪ್ಲಸ್ ವೆರಿಫೈ ಒತ್ತಿ.
ಐದು, ಕಾಯಿರಿ.

ಅದು 1 ಜಿಬಿಯ ಫೈಲುಗಳನ್ನು ಒಂದೊಂದಾಗಿ ಬರೆದು ಕಾರ್ಡ್ ತುಂಬಿಸುತ್ತದೆ, ಆಮೇಲೆ ಮೊದಲಿನಿಂದ ಓದುತ್ತದೆ. ಕೊನೆಗೆ "ಟೆಸ್ಟ್ ಫಿನಿಶ್ಡ್ ವಿದೌಟ್ ಎರರ್ಸ್" ಎಂದು ಬಂದರೆ ನಿಮ್ಮ ಕಾರ್ಡ್ ಹೇಳಿದಷ್ಟು ಜಾಗ ನಿಜವಾಗಿಯೂ ಇದೆ. ನಕಲಿಯಾದರೆ ಇಷ್ಟು ಸರಿಯಿದೆ, ಇಷ್ಟು ಕಳೆದುಹೋಗಿದೆ ಎಂದು ಲೆಕ್ಕ ಕೊಡುತ್ತದೆ. ನನ್ನ ಕಾರ್ಡಿಗೆ ಬಂದ ಲೆಕ್ಕ: ಸುಮಾರು 29 ಜಿಬಿ ಸರಿ, ಉಳಿದದ್ದೆಲ್ಲ ನಷ್ಟ. ಅಂದರೆ ಅದು 32 ಜಿಬಿಯ ಕಾರ್ಡ್. ಜೋಗದ ಬಜ್ಜಿಯವರೆಗೆ ಬಂದು ನಿಂತದ್ದು ಯಾಕೆಂದು ಆಗ ತಿಳಿಯಿತು.

ಮ್ಯಾಕ್ ಅಥವಾ ಲಿನಕ್ಸ್ ಇದ್ದವರಿಗೆ ಎಫ್3. "ಫೈಟ್ ಫ್ಲಾಶ್ ಫ್ರಾಡ್" ಎಂಬುದರ ಹ್ರಸ್ವರೂಪ. ಮಿಷೆಲ್ ಮಚಾಡೊ ಎಂಬುವರು ಬರೆದದ್ದು. ಇದರಲ್ಲಿ ಎಫ್3ರೈಟ್ ಎಂಬ ಆದೇಶ ತುಂಬಿಸುತ್ತದೆ, ಎಫ್3ರೀಡ್ ಎಂಬುದು ಓದಿ ಹೋಲಿಸುತ್ತದೆ. ಅವಸರದಲ್ಲಿರುವವರಿಗೆ ಸ್ಟೀವ್ ಗಿಬ್ಸನ್ ಅವರ ವ್ಯಾಲಿಡ್ರೈವ್ ಎಂಬ ವಿಂಡೋಸ್ ತಂತ್ರಾಂಶ 2023ರಲ್ಲಿ ಬಂದಿದೆ. ಯುಎಸ್‌ಬಿ ಮೂಲಕ ಹಾಕಿದ ಕಾರ್ಡಿನ ಉದ್ದಕ್ಕೂ ಅಲ್ಲಲ್ಲಿ ಬರೆದು ಓದಿ, ಕೆಲವೇ ನಿಮಿಷದಲ್ಲಿ ನಕ್ಷೆ ತೋರಿಸುತ್ತದೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ. ಆದರೂ ಮುಖ್ಯವಾದ ಸಮಾರಂಭಕ್ಕೆ ಒಯ್ಯುವ ಕಾರ್ಡಿಗೆ ಪೂರ್ತಿ ಪರೀಕ್ಷೆಯೇ ಮೇಲು. ಇವೆಲ್ಲವನ್ನೂ ಬರೆದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ.

ಎಷ್ಟು ಹೊತ್ತು ಹಿಡಿಯುತ್ತದೆ? ಲೆಕ್ಕ ಸುಲಭ. ಸೆಕೆಂಡಿಗೆ 30 ಎಂಬಿ ಬರೆಯುವ ಕಾರ್ಡ್ ಆದರೆ 256 ಜಿಬಿ ತುಂಬಲು ಸುಮಾರು 2 ಗಂಟೆ 20 ನಿಮಿಷ. ಸೆಕೆಂಡಿಗೆ 90 ಎಂಬಿ ಓದಿದರೆ ಓದಲು ಇನ್ನೊಂದು 47 ನಿಮಿಷ. ಹಳೆಯ ಯುಎಸ್‌ಬಿ 2 ರೀಡರ್ ಆದರೆ ಓದುವುದೂ ನಿಧಾನ. ರಾತ್ರಿ ಮಲಗುವ ಮುಂಚೆ ಹಚ್ಚಿಟ್ಟರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಮುಗಿದಿರುತ್ತದೆ. ಒಂದು ಸಲ ಪೂರ್ತಿ ಬರೆದರೆ ಕಾರ್ಡ್ ಸವೆಯುತ್ತದೆಯೇ ಎಂಬ ಚಿಂತೆ ಬೇಡ. ಅಸಲಿ ಕಾರ್ಡ್ ಅಂಥ ನೂರಾರು ಸಲದ ಬರವಣಿಗೆ ತಾಳುತ್ತದೆ. ಪರೀಕ್ಷೆ ಮುಗಿದ ಮೇಲೆ ಕ್ಯಾಮೆರಾದಲ್ಲೇ ಒಮ್ಮೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ತಂತ್ರಾಂಶ ಬೇಡ ಎನ್ನುವ ಹಿರಿಯರಿಗೆ ಒಂದು ಸುಲಭ ದಾರಿ. ಕಂಪ್ಯೂಟರಿನಲ್ಲಿರುವ ಹಳೆಯ ಫೋಟೋ, ವಿಡಿಯೋಗಳನ್ನು ಕಾರ್ಡ್ ತುಂಬುವವರೆಗೆ ಕಾಪಿ ಮಾಡಿ. ಬೇರೆ ಬೇರೆ ಫೈಲುಗಳಿರಲಿ. ಕಾರ್ಡನ್ನು ಹೊರಗೆ ತೆಗೆದು ಮತ್ತೆ ಹಾಕಿ. ಹೀಗೆ ಮಾಡದಿದ್ದರೆ ಕಂಪ್ಯೂಟರ್ ತನ್ನ ನೆನಪಿನಿಂದಲೇ ತೋರಿಸಿ ಮೋಸವಾಗಬಹುದು. ಆಮೇಲೆ ಮೊದಲಿನವು, ನಡುವಿನವು, ಕೊನೆಯವು, ಎಲ್ಲ ಕಡೆಯಿಂದ ಕೆಲವನ್ನು ತೆರೆದು ನೋಡಿ.

5. ವೇಗದ ಗುರುತುಗಳು

ಗಾತ್ರದ ಪರೀಕ್ಷೆಯ ಜೊತೆಗೇ ವೇಗವೂ ತಿಳಿಯುತ್ತದೆ. ಕಾರ್ಡಿನ ಮೇಲೆ ಸಿ ಅಕ್ಷರದೊಳಗೆ 10 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಎಡೆಬಿಡದೆ ಬರೆಯಬೇಕು. ಯು ಒಳಗೆ 1 ಎಂದರೂ 10, ಯು ಒಳಗೆ 3 ಎಂದರೆ 30. ವಿ30 ಎಂದರೆ 30, ವಿ60 ಎಂದರೆ 60, ವಿ90 ಎಂದರೆ 90. ದೊಡ್ಡದಾಗಿ ಅಚ್ಚಾದ "170 ಎಂಬಿ" ಇತ್ಯಾದಿ ಸಾಮಾನ್ಯವಾಗಿ ಓದುವ ಗರಿಷ್ಠ ವೇಗ, ಬರೆಯುವುದಲ್ಲ. ಯು3 ಎಂದು ಬರೆದ ಕಾರ್ಡ್, ಒಳ್ಳೆಯ ರೀಡರಿನಲ್ಲಿ ಸೆಕೆಂಡಿಗೆ 8 ಎಂಬಿ ಬರೆದರೆ ಲೇಬಲ್ ಸುಳ್ಳು ಎಂದು ತಿಳಿಯಿರಿ. ಹೀಗೆ ಹೇಳುವ ಮೊದಲು ಇನ್ನೊಂದು ರೀಡರಿನಲ್ಲೂ ಹಾಕಿ ನೋಡಿ.

6. ನಕಲಿ ಎಂದು ತಿಳಿದರೆ

ಪರೀಕ್ಷೆಯ ಫಲಿತಾಂಶದ ಚಿತ್ರ ತೆಗೆದಿಟ್ಟುಕೊಳ್ಳಿ. ಪ್ಯಾಕೆಟ್, ಕಾರ್ಡಿನ ಎರಡೂ ಬದಿ, ಆರ್ಡರ್ ಪುಟ, ಎಲ್ಲದರ ಫೋಟೋ ಇರಲಿ. ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆ ಜಾಲತಾಣಕ್ಕೆ "ಇದು ನಕಲಿ" ಎಂದೇ ಬರೆದು ತಿಳಿಸಿ. "ಇಷ್ಟವಾಗಲಿಲ್ಲ" ಎಂದು ಬರೆಯಬೇಡಿ. ಹಾಗೆ ಬರೆದರೆ ಅದೇ ಕಾರ್ಡ್ ಇನ್ನೊಬ್ಬರ ಮನೆಗೆ ಹೋಗಬಹುದು.

ಮಾರಿದವರು ಕೇಳದಿದ್ದರೆ, ಅಮೆರಿಕಾದಲ್ಲಿ ಕ್ರೆಡಿಟ್ ಕಾರ್ಡಿನವರಿಗೆ ತಕರಾರು ಕೊಡುವ ಹಕ್ಕು 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆಯಲ್ಲಿದೆ. ಆ ಖರ್ಚು ಮೊದಲು ಕಾಣಿಸಿಕೊಂಡ ಬಿಲ್ ಕಳಿಸಿದ 60 ದಿನದೊಳಗೆ ಲಿಖಿತವಾಗಿ ತಿಳಿಸಬೇಕು. ಊರಿನಲ್ಲಿ ಅಪ್ಪ ಅಮ್ಮ ಆನ್‌ಲೈನ್‌ನಲ್ಲಿ ಕೊಂಡು ಮೋಸ ಹೋದರೆ, ಭಾರತದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನನ್ನ ವಿಷಯದಲ್ಲಿ, ನಾನು ಪರೀಕ್ಷೆ ಮಾಡುವ ಹೊತ್ತಿಗೆ ವಾಪಸ್ ಮಾಡುವ ಅವಧಿ ಮುಗಿದಿತ್ತು, ಮಾರಿದವನ ಅಂಗಡಿಯೇ ಮಾಯವಾಗಿತ್ತು.

ನಕಲಿ ಕಾರ್ಡನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಯಾರಿಗೂ ಕೊಡಬೇಡಿ. "29 ಜಿಬಿ ಆದರೂ ಇದೆಯಲ್ಲ" ಎಂಬ ಆಸೆ ಬೇಡ. ಇಂದು ಗೊತ್ತಿದ್ದದ್ದು ನಾಳೆ ಮರೆತುಹೋಗಿ ಮಕ್ಕಳು ಶಾಲೆಯ ಪ್ರಾಜೆಕ್ಟಿಗೆ ಎತ್ತಿಕೊಂಡಾರು. ವಾಪಸ್ ಮಾಡಲು ಆಗದಿದ್ದರೆ ಎರಡು ತುಂಡು ಮಾಡಿ ಎಸೆಯಿರಿ.

7. ಊರಿಗೆ ಹೊರಡುವವರಿಗೆ

ಹೊಸ ಕಾರ್ಡನ್ನು ಪ್ರಯಾಣಕ್ಕೆ ಕನಿಷ್ಠ ಒಂದು ತಿಂಗಳು ಮುಂಚೆ ಕೊಳ್ಳಿ. ಬಂದ ರಾತ್ರಿಯೇ ಪರೀಕ್ಷೆ ಮಾಡಿ. ಒಂದು ದೊಡ್ಡ ಕಾರ್ಡಿನ ಬದಲು ಎರಡು ಚಿಕ್ಕವು ಒಯ್ಯಿರಿ. ಕ್ಯಾಮೆರಾದಲ್ಲಿ ಎರಡು ಕಾರ್ಡಿಗೆ ಜಾಗವಿದ್ದರೆ ಎರಡರಲ್ಲೂ ಒಟ್ಟಿಗೆ ಬರೆಯುವ ಹಾಗೆ ಮಾಡಿ. ಸ್ವಂತ ಲ್ಯಾಪ್‌ಟಾಪ್ ಒಯ್ಯಿರಿ, ಆಫೀಸಿನದು ಬೇಡ. ಸಮಾರಂಭದ ದಿನ ರಾತ್ರಿ, ಎಷ್ಟೇ ಸುಸ್ತಾಗಿದ್ದರೂ, ಕಾಪಿ ಮಾಡಿ ಕೊನೆಯ ಫೈಲನ್ನು ತೆರೆದು ಶಬ್ದ ಸಮೇತ ಕೇಳಿ. ಕೆಟ್ಟಿದ್ದರೆ ಮರುದಿನ ಬೆಳಿಗ್ಗೆ ಅಜ್ಜಿ ಇನ್ನೂ ಮನೆಯಲ್ಲೇ ಇರುತ್ತಾರೆ. "ಇನ್ನೊಂದು ಸಲ ಹಾಡಿ ಅಜ್ಜಿ" ಎಂದು ಕೇಳಬಹುದು. ಆ ಒಂದು ರಾತ್ರಿ ನಾನು ಅರ್ಧ ಗಂಟೆ ಕೂತಿದ್ದರೆ ಸಾಕಿತ್ತು.

ಅಂದಹಾಗೆ, ನಮ್ಮ ಚಿಕ್ಕಪ್ಪನ ಮಗಳು ಅಂದು ತನ್ನ ಫೋನಿನಲ್ಲಿ ನಲವತ್ತು ಸೆಕೆಂಡ್ ರೆಕಾರ್ಡ್ ಮಾಡಿದ್ದಳು. ಚಿತ್ರ ಅಲುಗಾಡುತ್ತದೆ, ನಡುವೆ ಯಾರೋ ಕೆಮ್ಮುತ್ತಾರೆ, ಮಿಕ್ಸಿ ಶಬ್ದ ಕೇಳುತ್ತದೆ. ಅಜ್ಜಿಯ ಎರಡು ಸಾಲು ಮಾತ್ರ ಇದೆ. ಅದನ್ನೀಗ ನಾಲ್ಕು ಕಡೆ ಇಟ್ಟಿದ್ದೇವೆ.

ಕೊನೆಯದಾಗಿ ಒಂದು ಸೂಚನೆ. ನಮ್ಮ ಮುಂದಿನ ಯುಗಾದಿ ಕಾರ್ಯಕ್ರಮಕ್ಕೆ ನಾನು ಎರಡು ಲ್ಯಾಪ್‌ಟಾಪ್ ಮತ್ತು ಒಳ್ಳೆಯ ರೀಡರುಗಳನ್ನು ತರುತ್ತೇನೆ. ನಿಮ್ಮ ಕಾರ್ಡ್, ಪೆನ್‌ಡ್ರೈವ್ ಏನಿದ್ದರೂ ಫೋಟೋಗಳನ್ನು ಬೇರೆಡೆ ಕಾಪಿ ಮಾಡಿಟ್ಟು, ಖಾಲಿ ಮಾಡಿ, ಹೆಸರು ಬರೆದ ಲಕೋಟೆಯಲ್ಲಿ ತನ್ನಿ. ಬೆಳಿಗ್ಗೆ ಬೇವು ಬೆಲ್ಲದ ಹೊತ್ತಿಗೆ ಕೊಟ್ಟರೆ, ಒಬ್ಬಟ್ಟಿನ ಊಟ ಮುಗಿದು ಮಕ್ಕಳ ನಾಟಕ ಆಗುವಷ್ಟರಲ್ಲಿ ಚಿಕ್ಕ ಕಾರ್ಡುಗಳ ಫಲಿತಾಂಶ ಕೊಡುತ್ತೇನೆ. ದೊಡ್ಡವನ್ನು ಮನೆಗೆ ಒಯ್ದು ಪರೀಕ್ಷಿಸಿ ಮುಂದಿನ ವಾರ ಕೊಡುತ್ತೇನೆ. ಶುಲ್ಕವೇನೂ ಇಲ್ಲ, ಒಂದು ಒಬ್ಬಟ್ಟು ಹೆಚ್ಚು ಬಡಿಸಿದರೆ ಬೇಡ ಎನ್ನುವುದಿಲ್ಲ!

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮತ್ತೆ ಸಿಗೋಣ.


ನಿಮ್ಮವನೇ ಒಬ್ಬ ಸದಸ್ಯ